ಗೆಲ್ಲಿಸಿಕೊಡ್ತೀನಿ ಅಂದ ವಕೀಲರಾ, ಕಷ್ಟ ಇದೆ ಅಂದ ವಕೀಲರಾ? ಯಾರಿಗೆ ವಕಾಲತ್ತು ಕೊಡಬೇಕು?

ತಿಪಟೂರಿನ ಮಗಳು

ಎಲ್ಲರಿಗೂ ನಮಸ್ಕಾರ. ಅಮ್ಮನ ತವರಿನ ಆಸ್ತಿ ವಿಚಾರಕ್ಕೆ ಕೋರ್ಟ್ ಮೆಟ್ಟಿಲು ಹತ್ತಬೇಕಾಗಿ ಬಂದಿದೆ. ತಾತನಿಗೆ ಅವರಪ್ಪನಿಂದ ಬಂದ ತೆಂಗಿನ ತೋಟ, ಸ್ವಲ್ಪ ಹೊಲ, ಊರೊಳಗೆ ಒಂದು ಮನೆ. ತಾತ ತೀರಿಕೊಂಡ ಮೇಲೆ ಎಲ್ಲವೂ ಇಬ್ಬರು ಮಾವಂದಿರ ಹೆಸರಿಗೆ ಖಾತೆಯಾಗಿದೆ. ಪಾಲು ಕೇಳಿದರೆ "ನೀನು 2011ರಲ್ಲೇ ಸಹಿ ಹಾಕಿಕೊಟ್ಟಿದ್ದೀಯಲ್ಲಾ" ಅನ್ನುತ್ತಾರೆ. ಅಮ್ಮನಿಗೆ ಸಹಿ ಹಾಕಿದ್ದು ನೆನಪಿದೆ. ಅದರಲ್ಲಿ ಏನು ಬರೆದಿತ್ತೋ ಗೊತ್ತಿಲ್ಲ.

ಇಬ್ಬರು ವಕೀಲರನ್ನು ನೋಡಿ ಬಂದೆವು. ಮೊದಲನೆಯವರದ್ದು ದೊಡ್ಡ ಆಫೀಸು, ನಾಲ್ಕೈದು ಜನ ಜೂನಿಯರ್‌ಗಳು. "ಹೆಣ್ಣುಮಕ್ಕಳಿಗೆ ಸಮಪಾಲು ಅಂತ ಸುಪ್ರೀಂ ಕೋರ್ಟೇ ಹೇಳಿದೆ. ನೂರಕ್ಕೆ ನೂರು ಗೆಲ್ಲಿಸಿಕೊಡ್ತೀನಿ. ಫೀಸು ಈಗ ಬೇಡ, ಪಾಲು ಬಂದ ಮೇಲೆ ಅದರಲ್ಲಿ ಶೇಕಡ 20 ಕೊಡಿ" ಅಂದರು. ಎರಡನೆಯವರು ಪುಟ್ಟ ಕೋಣೆಯಲ್ಲಿ ಕೂತಿದ್ದರು. ವಂಶವೃಕ್ಷ, ಪಹಣಿ, ಇಸಿ (ಆಸ್ತಿಯ ಮೇಲೆ ನೋಂದಣಿಯಾದ ವ್ಯವಹಾರಗಳನ್ನು ತೋರಿಸುವ ಋಣಭಾರ ಪತ್ರ) ಎಲ್ಲಾ ಕೇಳಿದರು. ಎಲ್ಲಿ ಸಹಿ ಹಾಕಿದಿರಿ, ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋಗಿದ್ದಿರಾ, ದುಡ್ಡು ಏನಾದರೂ ಕೊಟ್ಟರಾ ಅಂತ ಅಮ್ಮನನ್ನು ಬಿಡಿಸಿ ಬಿಡಿಸಿ ಕೇಳಿದರು. ಕೊನೆಗೆ "ಅದು ನೋಂದಣಿಯಾದ ಹಕ್ಕು ಬಿಡುಗಡೆ ಪತ್ರವಾಗಿದ್ದರೆ ಕೇಸು ಕಷ್ಟ. ಪತ್ರ ನೋಡದೆ ನಾನು ಏನೂ ಹೇಳಲ್ಲ" ಅಂದರು. ಅಮ್ಮ ಬೇಜಾರು ಮಾಡಿಕೊಂಡು ಬಂದರು.

ಅಣ್ಣ ಮೊದಲನೆಯವರೇ ಸರಿ ಅನ್ನುತ್ತಾನೆ. ನನಗೆ ಎರಡನೆಯವರ ಮೇಲೆ ಮನಸ್ಸು. ಕೋರ್ಟ್ ವಕೀಲರನ್ನು ಆರಿಸುವಾಗ ಏನು ನೋಡಬೇಕು? ಓದಿದ ಕಾಲೇಜಾ, ಎಷ್ಟು ವರ್ಷದ ಪ್ರಾಕ್ಟೀಸ್ ಅನ್ನೋದಾ? ಅವರ ಗುಣ ಹೇಗೆ ತಿಳಿಯುವುದು?

ಮಲೆನಾಡಿಗ

ಎರಡನೆಯವರ ಹತ್ತಿರ ಹೋಗಿ ಅಕ್ಕ. ಪಾಲಿನಲ್ಲಿ ಪಾಲು ಕೇಳುವ ವಕೀಲರ ಸಹವಾಸ ಬೇಡ.

ಹಾಸನದ ಸಿವಿಲ್ ವಕೀಲ

ಮೇಡಂ, ನಾನು ಇದೇ ಕೆಲಸದಲ್ಲಿ ತಲೆ ನರೆಸಿಕೊಂಡವನು. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ಆ ಶೇಕಡ 20ರ ಮಾತು. ಬಾರ್ ಕೌನ್ಸಿಲ್ ಆಫ್ ಇಂಡಿಯಾ ನಿಯಮಗಳಲ್ಲಿ ವಕೀಲರ ನಡತೆಯ ಅಧ್ಯಾಯವೇ ಇದೆ. ಕೇಸಿನ ಫಲಿತಾಂಶದ ಮೇಲೆ ಫೀಸು ನಿಂತಿರಬಾರದು, ದಾವೆಯಿಂದ ಬಂದದ್ದರಲ್ಲಿ ಪಾಲು ಹೊಡೆಯಬಾರದು ಅಂತ ಅಲ್ಲಿ 20ನೇ ನಿಯಮ ಸ್ಪಷ್ಟವಾಗಿ ಹೇಳುತ್ತದೆ. ಕಾರಣ ಸರಳ. ತೋಟದಲ್ಲಿ ನನಗೂ ಪಾಲಿದೆ ಅಂದಮೇಲೆ ನಾನು ನಿಮ್ಮ ವಕೀಲನಾಗಿ ಉಳಿಯುವುದಿಲ್ಲ. ನಾನೂ ಒಬ್ಬ ಪಾಲುದಾರ ಆಗುತ್ತೇನೆ. ನಾಳೆ ನಿಮ್ಮ ಮಾವಂದಿರು ರಾಜಿಗೆ ಬಂದರೆ, ಒಪ್ಪಿಕೊಳ್ಳಿ ಅಂತ ಹೇಳುವಾಗ ನನ್ನ ಮನಸ್ಸಿನಲ್ಲಿ ನಿಮ್ಮ ಲೆಕ್ಕ ಇರುತ್ತದೋ ನನ್ನ ಲೆಕ್ಕ ಇರುತ್ತದೋ? ಕಕ್ಷಿದಾರರಿಗೆ ಕೇಸ್ ನಡೆಸಲು ವಕೀಲ ಸಾಲ ಕೊಡಬಾರದು, ಅದೇ ಕೇಸಿನ ಆಸ್ತಿಯನ್ನು ಹರಾಜಿನಲ್ಲಿ ಕೊಳ್ಳಬಾರದು ಅಂತಲೂ ನಿಯಮಗಳಿವೆ. ಇವೆಲ್ಲದರ ಹಿಂದೆ ಇರುವುದು ಒಂದೇ ಯೋಚನೆ.

ಇನ್ನು ಓದು. ಮೂರು ವರ್ಷದ ಎಲ್‌ಎಲ್‌ಬಿಯೋ ಐದು ವರ್ಷದ್ದೋ ಮುಗಿಸಿ, ರಾಜ್ಯ ವಕೀಲರ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿ, ಅಖಿಲ ಭಾರತ ಬಾರ್ ಪರೀಕ್ಷೆ ಪಾಸಾಗಬೇಕು. ಈ ಪರೀಕ್ಷೆ 2011ರಿಂದ ಈಚೆಗೆ ಬಂದದ್ದು, ಹಳಬರಿಗೆ ಇರಲಿಲ್ಲ. ಇದಿಷ್ಟು ಎಲ್ಲರಲ್ಲೂ ಇರುತ್ತದೆ. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲಿನಲ್ಲಿ ಓದಿದವರು ಬುದ್ಧಿವಂತರು ನಿಜ. ಆದರೆ ಪಾಲಿನ ದಾವೆಗೆ ಬೇಕಾದ ವಿದ್ಯೆ ಕಾಲೇಜಿನಲ್ಲಿ ಸಿಗುವುದಿಲ್ಲ. ಅದು ಸೀನಿಯರ್ ಆಫೀಸಿನಲ್ಲಿ ಸಿಗುತ್ತದೆ. ಯಾವ ಸೀನಿಯರ್ ಹತ್ತಿರ ಕೆಲಸ ಕಲಿತಿರಿ ಅಂತ ಕೇಳಿ, ಸಂಕೋಚ ಬೇಡ. ಒಳ್ಳೆ ವಕೀಲ ತನ್ನ ಸೀನಿಯರ್ ಹೆಸರನ್ನು ಖುಷಿಯಿಂದ ಹೇಳುತ್ತಾನೆ. ಪಾಲಿನ ದಾವೆಗಳಲ್ಲಿ ನೀವೇ ಎದುರು ಪಕ್ಷದ ಸಾಕ್ಷಿಗಳನ್ನು ಪಾಟೀಸವಾಲು (ಅಡ್ಡಪ್ರಶ್ನೆ) ಮಾಡಿದ್ದೀರಾ ಅಂತಲೂ ಕೇಳಿ.

ನಿಮ್ಮ ಕೇಸಿನ ಬಗ್ಗೆ ಕಾಗದ ನೋಡದೆ ನಾನು ತೀರ್ಪು ಹೇಳಬಾರದು. ಆದರೆ ಎರಡನೆಯವರು ಕೇಳಿದ ಪ್ರಶ್ನೆಗಳಿಗೆ ಕಾರಣ ಹೇಳಬಲ್ಲೆ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಬಂದ 2005ರ ಸೆಪ್ಟೆಂಬರ್ 9ರ ತಿದ್ದುಪಡಿಯಿಂದ ಹಿಂದೂ ಅವಿಭಕ್ತ ಕುಟುಂಬದ ಮಗಳೂ ಮಗನಂತೆ ಹುಟ್ಟಿನಿಂದಲೇ ಹಕ್ಕುದಾರಳಾದಳು. ಅಪ್ಪ ಆ ದಿನ ಬದುಕಿದ್ದರೋ ಇಲ್ಲವೋ ಎನ್ನುವುದು ಮುಖ್ಯವಲ್ಲ ಅಂತ 2020ರಲ್ಲಿ ವಿನೀತಾ ಶರ್ಮಾ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಮೊದಲನೆಯವರು ಹೇಳಿದ್ದು ಇದನ್ನೇ, ಅಷ್ಟರಮಟ್ಟಿಗೆ ಸರಿ. ಆದರೆ ಇರುವ ಹಕ್ಕನ್ನು ಬರೆದುಕೊಟ್ಟುಬಿಟ್ಟಿದ್ದರೆ? ಸ್ಥಿರಾಸ್ತಿಯ ಹಕ್ಕು ಬಿಡುಗಡೆ ಪತ್ರ ನೋಂದಣಿಯಾಗಿರಬೇಕು. ಆಗಿಲ್ಲದಿದ್ದರೆ ಮಾವಂದಿರಿಗೆ ಅದರಿಂದ ಹಕ್ಕು ಬಂತು ಅನ್ನಲು ಬರುವುದಿಲ್ಲ. ಆಗಿದ್ದರೆ ಅದನ್ನು ರದ್ದು ಮಾಡಿಸಬೇಕು. ಅದಕ್ಕೆ ಕಾಲಮಿತಿ 3 ವರ್ಷ, ಅದೂ ಮೋಸದ ವಿಷಯ ತಿಳಿದ ದಿನದಿಂದ ಲೆಕ್ಕ. ಅಂದರೆ ಪತ್ರದಲ್ಲಿ ಏನಿದೆ ಅಂತ ಅಮ್ಮನಿಗೆ ಯಾವಾಗ ಗೊತ್ತಾಯಿತು ಎನ್ನುವುದರ ಮೇಲೆ ಇಡೀ ಕೇಸು ನಿಲ್ಲಬಹುದು. ಇದನ್ನು ಮೊದಲ ಭೇಟಿಯಲ್ಲೇ ಕೇಳಿದ ವಕೀಲರು ತಮ್ಮ ಕೆಲಸ ಬಲ್ಲವರು.

ಹಳೇ ಶಿರಸ್ತೇದಾರ

ವಕೀಲರು ಬೆಂಚಿನ ಮುಂದೆ ಹೇಗೆ ಮಾತಾಡುತ್ತಾರೆ ಅಂತ ಜನ ನೋಡುತ್ತಾರೆ. ಕೋರ್ಟ್ ಕಚೇರಿಯೊಳಗೆ ಕೂತು ನಾವು ನೋಡುತ್ತಿದ್ದುದು ಬೇರೆ. ದಾವೆ ಹಾಕಿದ ಮೇಲೆ ಕಚೇರಿ ಆಕ್ಷೇಪಣೆಗಳನ್ನು ಎಷ್ಟು ಬೇಗ ಸರಿಪಡಿಸುತ್ತಾರೆ? ಸಮನ್ಸು ಕಳಿಸಲು ಕಟ್ಟಬೇಕಾದ ಪ್ರೋಸೆಸ್ ಶುಲ್ಕ ಕಟ್ಟಿದ್ದಾರಾ? ಪ್ರತಿವಾದಿಯ ವಿಳಾಸ ಸರಿ ಇದೆಯಾ? ವಿಳಾಸ ತಪ್ಪಿದರೆ ಸಮನ್ಸು ವಾಪಸ್ ಬರುತ್ತದೆ, ಮತ್ತೆ ವಾಯಿದೆ. ಹೀಗೇ ಒಂದು ವರ್ಷ ಕಳೆದದ್ದನ್ನು ನೋಡಿದ್ದೇನೆ. ಇದರಲ್ಲಿ ಎದುರು ಪಾರ್ಟಿಯ ಕೈವಾಡ ಏನೂ ಇರುವುದಿಲ್ಲ.

ಪಾಲಿನ ದಾವೆಯಲ್ಲಿ ಎಲ್ಲಾ ಪಾಲುದಾರರನ್ನೂ ಸೇರಿಸಬೇಕು, ಕುಟುಂಬದ ಎಲ್ಲಾ ಸ್ವತ್ತುಗಳನ್ನೂ ತೋರಿಸಬೇಕು. ತೀರಿಕೊಂಡ ದೊಡ್ಡಮ್ಮನ ಮಕ್ಕಳನ್ನು ಬಿಟ್ಟು ದಾವೆ ಹಾಕಿ, ಎಷ್ಟೋ ವರ್ಷದ ಮೇಲೆ ಅದೇ ಕಾರಣಕ್ಕೆ ವಜಾ ಆದ ಕೇಸುಗಳಿವೆ. ಅದಕ್ಕೇ ವಂಶವೃಕ್ಷ ಮೊದಲು ಕೇಳುವ ವಕೀಲರನ್ನು ನಂಬಬಹುದು.

ಕೋರ್ಟ್ ಫೀ ವಿಷಯವೂ ಹೇಳಿಬಿಡುತ್ತೇನೆ. 1958ರ ನಮ್ಮ ರಾಜ್ಯದ ಕಾಯ್ದೆ ಪ್ರಕಾರ, ಆಸ್ತಿಯ ಜಂಟಿ ಸ್ವಾಧೀನದಲ್ಲಿದ್ದೇವೆ ಅಂದರೆ ಸಣ್ಣ ಮೊತ್ತ ಕಟ್ಟಿದರೆ ಸಾಕು. ಹೊರಗೆ ಹಾಕಿದ್ದಾರೆ ಅಂದರೆ ನಿಮ್ಮ ಪಾಲಿನ ಬೆಲೆಯ ಮೇಲೆ ಕಟ್ಟಬೇಕು, ಅದು ಜಾಸ್ತಿ. ದುಡ್ಡು ಉಳಿಯಲಿ ಅಂತ ಸುಮ್ನೆ "ಜಂಟಿ ಸ್ವಾಧೀನ" ಅಂತ ಬರೆಯುವವರಿದ್ದಾರೆ. ಪಾಟೀಸವಾಲಿನಲ್ಲಿ ಅಮ್ಮ "ತೋಟಕ್ಕೆ ನಮ್ಮನ್ನು ಬಿಡಲೇ ಇಲ್ಲ" ಅಂದುಬಿಟ್ಟರೆ ವಾದಪತ್ರವೇ ಸುಳ್ಳಾಗುತ್ತದೆ.

ತಿಪಟೂರಿನ ಮಗಳು

ತುಂಬಾ ಉಪಕಾರವಾಯಿತು ಸರ್. ಒಂದು ವಿಷಯ ಬರೆದಿರಲಿಲ್ಲ. ಮೊದಲನೆಯ ವಕೀಲರು "ಸಹಿಯೇ ನನ್ನದಲ್ಲ ಅಂತ ಹೇಳಿಬಿಡಿ, ಆ ಸಹಿ ನಿಮ್ಮದು ಅಂತ ಅವರು ಸಾಬೀತು ಮಾಡಲಿ" ಅಂದಿದ್ದರು. ಅಮ್ಮ ಅಲ್ಲೇ ಸುಮ್ಮನಾದರು. ಅಣ್ಣ ಮಾತ್ರ "ಎಲ್ಲರೂ ಹೀಗೇ ಮಾಡೋದು" ಅನ್ನುತ್ತಿದ್ದಾನೆ. ನಿಜವಾಗಿಯೂ ಎಲ್ಲರೂ ಹೀಗೇ ಮಾಡ್ತಾರಾ?

ಜೂನಿಯರ್ ವಕೀಲೆ, ಬೆಂಗಳೂರು

ಇಲ್ಲ ಅಕ್ಕ, ಖಂಡಿತ ಇಲ್ಲ.

ಸಿಟಿ ಸಿವಿಲ್ ಕೋರ್ಟಿನಲ್ಲಿ ಕೆಲಸ ಮಾಡುತ್ತೇನೆ. ಸಹಿ ಅಲ್ಲಗಳೆದರೆ ಎದುರಿನವರು ತಜ್ಞರಿಗೆ ಕಳಿಸಿ ಅಂತ ಅರ್ಜಿ ಹಾಕುತ್ತಾರೆ. ಪತ್ರ ನೋಂದಣಿಯಾಗಿದ್ದರೆ ಹೆಬ್ಬೆಟ್ಟು, ಫೋಟೋ ಕೂಡ ಸಬ್ ರಿಜಿಸ್ಟ್ರಾರ್ ಆಫೀಸಿನ ದಾಖಲೆಯಲ್ಲಿ ಇರುತ್ತದೆ. ಸಹಿ ಅಮ್ಮನದ್ದೇ ಅಂತ ವರದಿ ಬಂದ ದಿನ ಕೇಸಿನ ಜೊತೆಗೆ ಅಮ್ಮನ ಮಾತಿನ ಬೆಲೆಯೂ ಹೋಗುತ್ತದೆ. ಆಮೇಲೆ "ಓದದೆ ಸಹಿ ಹಾಕಿದೆ, ನಂಬಿಸಿ ಹಾಕಿಸಿಕೊಂಡರು" ಅನ್ನುವ ನಿಜವನ್ನು ಹೇಳಿದರೂ ನ್ಯಾಯಾಧೀಶರು ನಂಬುವುದಿಲ್ಲ. ನಿಮ್ಮ ಕೈಯಲ್ಲಿರುವ ನಿಜವಾದ ವಾದ ಅದೊಂದೇ ಇರಬಹುದು. ಅದನ್ನು ಒಂದು ಸುಳ್ಳಿಗಾಗಿ ಕಳೆದುಕೊಳ್ಳಬೇಡಿ. ಪ್ರಮಾಣ ಮಾಡಿ ಸುಳ್ಳು ಸಾಕ್ಷ್ಯ ಹೇಳಿದರೆ 7 ವರ್ಷದವರೆಗೆ ಜೈಲು ಇದೆ. ಪ್ರಮಾಣ ಮಾಡಿ ಕಟಕಟೆಯಲ್ಲಿ ನಿಲ್ಲುವವರು ನಿಮ್ಮಮ್ಮ, ಹೇಳಿಕೊಟ್ಟ ವಕೀಲರಲ್ಲ.

ಅಡ್ಡದಾರಿ ಹಿಡಿಯಲೇಬೇಕು ಅಂತ ಹಟ ಮಾಡುವ ಕಕ್ಷಿದಾರರ ಕೇಸು ನಡೆಸಬಾರದು, ಅವರು ಹೇಳಿದ್ದನ್ನೆಲ್ಲ ಒಪ್ಪಿಸುವ ಬಾಯಿ ಆಗಬಾರದು ಅಂತ ನಮ್ಮ 4ನೇ ನಿಯಮ ಹೇಳುತ್ತದೆ. ನಿಮ್ಮ ವಿಷಯದಲ್ಲಿ ವಕೀಲರೇ ಕಕ್ಷಿದಾರರಿಗೆ ಸುಳ್ಳು ಕಲಿಸಿದ್ದಾರೆ. ಓದಿ ತುಂಬಾ ಸಂಕಟ ಆಯಿತು.

ಎರಡನೆಯ ವಕೀಲರಿಗೆ ಅಮ್ಮ ಎಲ್ಲವನ್ನೂ ಹೇಳಲಿ. ತವರಿನ ಮೇಲಿನ ಮುಲಾಜಿಗೆ ಸಹಿ ಹಾಕಿದ್ದು, ಮಾವಂದಿರು ಸೀರೆ ಕೊಟ್ಟಿದ್ದು, ದುಡ್ಡು ಕೊಟ್ಟಿದ್ದರೆ ಅದೂ. ವಕೀಲರಿಗೆ ಹೇಳಿದ ಮಾತನ್ನು ಅವರು ಹೊರಗೆ ಬಿಟ್ಟುಕೊಡುವಂತಿಲ್ಲ. ಮೊದಲು 1872ರ ಸಾಕ್ಷ್ಯ ಕಾಯ್ದೆಯ 126ನೇ ಸೆಕ್ಷನ್ ಇತ್ತು, 2024ರ ಜುಲೈನಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 132ನೇ ಸೆಕ್ಷನ್ ಇದೆ. ವಕಾಲತ್ತು ಮುಗಿದ ಮೇಲೂ ಆ ಗುಟ್ಟು ಗುಟ್ಟೇ.

ದಾವಣಗೆರೆಯ ವ್ಯಾಪಾರಿ

ಇವೆಲ್ಲ ಹೇಳೋಕೆ ಚೆನ್ನಾಗಿದೆ. ನಮ್ಮ ವಕೀಲರು ವಾಯಿದೆಗೆ ಹೋಗಲಿಲ್ಲ, ದಾವೆ ಗೈರುಹಾಜರಿಗೆ ವಜಾ ಆಯಿತು. ನಮಗೆ ತಿಳಿಸಲೂ ಇಲ್ಲ. ಫೈಲ್ ಕೇಳಿದರೆ "ಬಾಕಿ ಫೀಸು ಕೊಡಿ, ಆಮೇಲೆ ಫೈಲು" ಅಂದರು. ಗ್ರಾಹಕರ ಕೋರ್ಟಿಗೆ ಹೋಗೋಣ ಅಂದರೆ ಆಗಲ್ಲ ಅಂತ ಗೊತ್ತಾಯಿತು. ಇಂಥವರಿಗೆ ಕೇಳೋರು ಯಾರು? ಇದು ಯಾವ ಮೌಲ್ಯ?

ಹಾಸನದ ಸಿವಿಲ್ ವಕೀಲ

ನಿಮ್ಮ ಸಿಟ್ಟು ನ್ಯಾಯವಾದದ್ದೇ ಸ್ವಾಮಿ. ನಮ್ಮ ವೃತ್ತಿಯಲ್ಲಿ ಹೀಗೆ ಮಾಡುವವರಿದ್ದಾರೆ. ಅದನ್ನು ಮುಚ್ಚಿಟ್ಟು ಮಾತಾಡಿದರೆ ಈ ಚರ್ಚೆಗೆ ಅರ್ಥವಿಲ್ಲ.

ಫೈಲ್ ಹಿಡಿದಿಟ್ಟುಕೊಳ್ಳುವ ಅಧಿಕಾರ ಯಾವ ವಕೀಲನಿಗೂ ಇಲ್ಲ. 2000ದಲ್ಲಿ ಆರ್.ಡಿ. ಸಕ್ಸೇನಾ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಹೇಳಿದೆ. ಫೀಸು ಬಾಕಿ ಇದ್ದರೆ ಅದಕ್ಕೆ ಬೇರೆ ದಾರಿ ನೋಡಿಕೊಳ್ಳಬೇಕು, ಕಾಗದ ಪತ್ರ ಮಾತ್ರ ಕೊಡಲೇಬೇಕು. ವಜಾ ಆದ ದಾವೆಯನ್ನು ಮತ್ತೆ ಕಡತಕ್ಕೆ ತೆಗೆದುಕೊಳ್ಳಿ ಅಂತ ಅರ್ಜಿ ಹಾಕಬಹುದು, 30 ದಿನದೊಳಗೆ. ತಡವಾಗಿದ್ದರೆ ಕಾರಣ ಹೇಳಿ ವಿಳಂಬ ಮನ್ನಾ ಕೇಳಬೇಕು. ವಕೀಲನ ತಪ್ಪಿಗೆ ಏನೂ ಅರಿಯದ ಕಕ್ಷಿದಾರ ನರಳಬಾರದು ಅಂತ 1981ರಲ್ಲೇ ರಫೀಕ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಗ್ರಾಹಕರ ಕಾಯ್ದೆ ವಕೀಲರಿಗೆ ಅನ್ವಯಿಸುವುದಿಲ್ಲ ಅಂತ 2024ರ ಮೇ 14ರಂದು ತೀರ್ಪು ಬಂತು. ನನ್ನ ಸಹೋದ್ಯೋಗಿಗಳು ಖುಷಿಪಟ್ಟರು. ನನಗೆ ಅಷ್ಟು ಖುಷಿಯಾಗಲಿಲ್ಲ. ಆ ದಾರಿ ಮುಚ್ಚಿದ ಮೇಲೆ ನಮ್ಮ ಮನೆಯನ್ನು ನಾವೇ ಗುಡಿಸಿಕೊಳ್ಳುವ ಹೊಣೆ ಇನ್ನೂ ಜಾಸ್ತಿ ಆಯಿತು. ನಿಮಗೆ ಉಳಿದಿರುವುದು 1961ರ ವಕೀಲರ ಕಾಯ್ದೆಯ 35ನೇ ಸೆಕ್ಷನ್. ರಾಜ್ಯ ವಕೀಲರ ಪರಿಷತ್ತಿಗೆ ದೂರು ಕೊಡಿ. ಶಿಸ್ತು ಸಮಿತಿ ಒಂದು ವರ್ಷದೊಳಗೆ ಮುಗಿಸಬೇಕು, ಇಲ್ಲದಿದ್ದರೆ ಅದು ಬಾರ್ ಕೌನ್ಸಿಲ್ ಆಫ್ ಇಂಡಿಯಾಗೆ ಹೋಗುತ್ತದೆ. ಎಚ್ಚರಿಕೆ ಕೊಡುವುದರಿಂದ ಹಿಡಿದು ಸನ್ನದು (ವಕೀಲಿಕೆ ಮಾಡುವ ಪರವಾನಗಿ) ಕಿತ್ತುಕೊಳ್ಳುವವರೆಗೆ ಶಿಕ್ಷೆ ಇದೆ.

ಮತ್ತೆ ಒಂದು ಮಾತು, ಎಲ್ಲರಿಗೂ. ಇ-ಕೋರ್ಟ್ಸ್ ಆಪ್ ಇಳಿಸಿಕೊಳ್ಳಿ. ದಾವೆ ಹಾಕಿದ ಕೂಡಲೇ 16 ಅಕ್ಷರದ ಸಿಎನ್‌ಆರ್ ನಂಬರ್ (ಪ್ರತಿ ಕೇಸಿಗೂ ಕೊಡುವ ಗುರುತಿನ ಸಂಖ್ಯೆ) ಕೇಳಿ ಪಡೆಯಿರಿ. ಮುಂದಿನ ವಾಯಿದೆ ಯಾವತ್ತು, ಹಿಂದಿನ ಸಲ ಏನಾಯಿತು ಅಂತ ಮನೆಯಲ್ಲೇ ನೋಡಬಹುದು. ನಂಬರ್ ಕೊಡಲು ಹಿಂದೆಮುಂದೆ ನೋಡುವ ವಕೀಲರಿಂದ ದೂರ ಇರಿ.

ನ್ಯೂಜೆರ್ಸಿ ಕನ್ನಡಿಗ

ಶೇಕಡಾವಾರು ಫೀಸಿನ ಬಗ್ಗೆ ನನ್ನದು ಸ್ವಲ್ಪ ಬೇರೆ ಅಭಿಪ್ರಾಯ. ಇಲ್ಲಿ ಅಪಘಾತದ ಕೇಸುಗಳಲ್ಲಿ ಅಟಾರ್ನಿಗಳು ಅದೇ ರೀತಿ ತೆಗೆದುಕೊಳ್ಳುತ್ತಾರೆ, ಸಾಮಾನ್ಯವಾಗಿ ಮೂರರಲ್ಲಿ ಒಂದು ಪಾಲು. ಕೈಯಲ್ಲಿ ಕಾಸಿಲ್ಲದ ಗಾಯಾಳು ದೊಡ್ಡ ವಿಮಾ ಕಂಪನಿಯ ಮೇಲೆ ದಾವೆ ಹಾಕಲು ಸಾಧ್ಯ ಆಗುವುದೇ ಅದರಿಂದ. ಸೋತರೆ ವಕೀಲರಿಗೆ ಫೀಸು ಇಲ್ಲ. ಹಾಗಾಗಿ ಗೆಲ್ಲಲಾಗದ ಕೇಸನ್ನು ಅವರೇ ಮುಟ್ಟುವುದಿಲ್ಲ. ಭಾರತದಲ್ಲೂ ಯೋಚಿಸಬಹುದಲ್ವಾ?

ಹಾಸನದ ಸಿವಿಲ್ ವಕೀಲ

ನಿಮ್ಮಲ್ಲಿ ಅದಕ್ಕೆ ಬೇಲಿ ಇದೆ ಸರ್. ಬರವಣಿಗೆಯಲ್ಲಿ ಕರಾರು ಆಗಬೇಕು. ಕ್ರಿಮಿನಲ್ ಕೇಸಿಗೆ, ವಿಚ್ಛೇದನಕ್ಕೆ ಅಂಥ ಫೀಸು ಇಲ್ಲ. ಇಲ್ಲಿ ಆ ಬೇಲಿ ಇಲ್ಲದೆ ಬರೀ ಶೇಕಡಾವಾರು ಬಂದರೆ, ಓದುಬರಹ ಕಡಿಮೆ ಇರುವ ಹೆಣ್ಣುಮಕ್ಕಳ ಜಮೀನು ವಕೀಲರ ಹೆಸರಿಗೆ ಬಂದು ನಿಲ್ಲುತ್ತದೆ. ನನ್ನ ನಿಲುವು ಬದಲಾಗುವುದಿಲ್ಲ.

ಸಾಗರದ ಮೇಷ್ಟ್ರು

ಮೌಲ್ಯ ಅಂತ ಮಾತಾಡುತ್ತಿದ್ದೀರಿ. ಕೊಲೆ ಮಾಡಿದವನ ಪರವಾಗಿಯೂ ಕರಿಕೋಟು ಹಾಕಿಕೊಂಡು ನಿಲ್ಲುತ್ತಾರಲ್ಲ, ಅದನ್ನು ಹೇಗೆ ಒಪ್ಪುವುದು? ಪ್ರಾಮಾಣಿಕವಾಗಿ ಕೇಳುತ್ತಿದ್ದೇನೆ.

ಜೂನಿಯರ್ ವಕೀಲೆ, ಬೆಂಗಳೂರು

ಮೇಷ್ಟ್ರೇ, ಕೊಲೆ ಮಾಡಿದವನು ಅಂತ ತೀರ್ಮಾನ ಮಾಡಬೇಕಾದ್ದು ಕೋರ್ಟು. ಅದಕ್ಕೂ ಮುಂಚೆ ಪೊಲೀಸರ ಮಾತನ್ನು ಯಾರಾದರೂ ಪ್ರಶ್ನೆ ಮಾಡಲೇಬೇಕು. ಸಂವಿಧಾನದ 22ನೇ ವಿಧಿ ಬಂಧನಕ್ಕೆ ಒಳಗಾದ ಯಾರಿಗೇ ಆಗಲಿ ತನಗೆ ಬೇಕಾದ ವಕೀಲರನ್ನು ಇಟ್ಟುಕೊಳ್ಳುವ ಹಕ್ಕು ಕೊಟ್ಟಿದೆ. ಇಂಥವನ ಪರ ಯಾರೂ ನಿಲ್ಲಬಾರದು ಅಂತ ವಕೀಲರ ಸಂಘಗಳು ನಿರ್ಣಯ ಮಾಡುವುದು ಕಾನೂನಿಗೆ ವಿರುದ್ಧ ಅಂತ 2010ರಲ್ಲಿ ಮೊಹಮ್ಮದ್ ರಫಿ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆದರೂ 2020ರಲ್ಲಿ ಹುಬ್ಬಳ್ಳಿಯಲ್ಲಿ ದೇಶದ್ರೋಹದ ಆರೋಪ ಹೊತ್ತ ಕಾಶ್ಮೀರಿ ವಿದ್ಯಾರ್ಥಿಗಳ ಕೇಸಿನಲ್ಲಿ ಅಂಥದ್ದೇ ನಿರ್ಣಯ ಆಯಿತು, ನಮ್ಮ ಹೈಕೋರ್ಟ್ ಅದನ್ನು ಖಂಡಿಸಬೇಕಾಯಿತು. ಆ ಹುಡುಗರ ಜಾಮೀನಿಗೆ ಬೆಂಗಳೂರಿನಿಂದ ಹೋದ ವಕೀಲರು ಅಲ್ಲಿ ಎದುರಿಸಿದ ವಿರೋಧ ನೆನಸಿಕೊಂಡರೆ ಅವರ ಬಗ್ಗೆ ಗೌರವ ಹೆಚ್ಚಾಗುತ್ತದೆ. ಊರೆಲ್ಲಾ ಒಂದು ಕಡೆ ಇದ್ದಾಗ ಇನ್ನೊಂದು ಕಡೆ ನಿಲ್ಲುವುದು ನಮ್ಮ ಕೆಲಸದ ಅತ್ಯಂತ ಕಷ್ಟದ ಭಾಗ.

ಉಡುಪಿ ಕಡೆಯವ

ಇದರ ಇನ್ನೊಂದು ಮುಖವನ್ನೂ ಹೇಳಬೇಕು. ಸರ್ಕಾರದ ಪರ ನಿಲ್ಲುವವರಿಗೂ ಬೆನ್ನುಮೂಳೆ ಬೇಕು. ನಮ್ಮ ಹಿರಿಯ ವಕೀಲ ಬಿ.ವಿ. ಆಚಾರ್ಯರನ್ನು ನೋಡಿ. ಜಯಲಲಿತಾ ಅವರ ಅಕ್ರಮ ಆಸ್ತಿ ಕೇಸು ತಮಿಳುನಾಡಿನಲ್ಲಿ ನ್ಯಾಯವಾಗಿ ನಡೆಯುವುದಿಲ್ಲ ಅಂತ 2003ರಲ್ಲಿ ಸುಪ್ರೀಂ ಕೋರ್ಟ್ ಬೆಂಗಳೂರಿಗೆ ಕಳಿಸಿತು. ಆಚಾರ್ಯರು ವಿಶೇಷ ಪಬ್ಲಿಕ್ ಪ್ರಾಸಿಕ್ಯೂಟರ್. 2012ರಲ್ಲಿ ಅವರು ರಾಜ್ಯದ ಅಡ್ವೊಕೇಟ್ ಜನರಲ್, ಅಂದರೆ ಸರ್ಕಾರದ ಮುಖ್ಯ ವಕೀಲರು ಕೂಡ ಆಗಿದ್ದರು. ಎರಡರಲ್ಲಿ ಒಂದನ್ನು ಬಿಡಬೇಕಾಗಿ ಬಂದಾಗ ದೊಡ್ಡ ಹುದ್ದೆಯನ್ನು ಬಿಟ್ಟು ಈ ಕೇಸನ್ನು ಉಳಿಸಿಕೊಂಡರು. ಅದೇ ವರ್ಷ ಕೇಸಿನಿಂದಲೂ ಹೊರಬಂದರು. 2015ರಲ್ಲಿ ಹೈಕೋರ್ಟ್ ಮೇಲ್ಮನವಿಯ ಕೊನೆ ಗಳಿಗೆಯಲ್ಲಿ, ಮೊದಲಿದ್ದ ಪ್ರಾಸಿಕ್ಯೂಟರ್ ನೇಮಕ ಸರಿಯಿಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿದಾಗ ಮತ್ತೆ ಅವರನ್ನೇ ಕರೆದರು. ಬಾಯಿಮಾತಿನ ವಾದಕ್ಕೆ ಅವಕಾಶವೇ ಇರಲಿಲ್ಲ, ಕೈಯಲ್ಲಿದ್ದ ಅತಿ ಕಡಿಮೆ ಸಮಯದಲ್ಲಿ ಲಿಖಿತ ವಾದ ಕೊಟ್ಟರು. ಹೈಕೋರ್ಟಿನಲ್ಲಿ ಸೋತರೂ ಬಿಡಲಿಲ್ಲ. 2017ರ ಫೆಬ್ರವರಿ 14ರಂದು ಸುಪ್ರೀಂ ಕೋರ್ಟ್ ಆರೋಪಿಗಳು ತಪ್ಪಿತಸ್ಥರು ಅಂದಿದ್ದ ವಿಚಾರಣಾ ನ್ಯಾಯಾಲಯದ ತೀರ್ಪನ್ನೇ ಎತ್ತಿಹಿಡಿಯಿತು. ಜಯಲಲಿತಾ ಅಷ್ಟರಲ್ಲಿ ತೀರಿಕೊಂಡಿದ್ದರು, ಉಳಿದ ಮೂವರು ಜೈಲಿಗೆ ಹೋದರು.

ಕಾನೂನು ವಿದ್ಯಾರ್ಥಿ

ನಾನು ಕೊನೆ ವರ್ಷದಲ್ಲಿದ್ದೇನೆ. ಇದನ್ನೆಲ್ಲ ಓದಿದರೆ ಕೋರ್ಟ್ ಪ್ರಾಕ್ಟೀಸ್ ಮಾಡಬೇಕು ಅನಿಸುತ್ತದೆ. ಮನೆಯಲ್ಲಿ ಕಂಪನಿ ಕೆಲಸಕ್ಕೆ ಸೇರು ಅನ್ನುತ್ತಾರೆ. ಮೊದಲ ವರ್ಷಗಳಲ್ಲಿ ದುಡ್ಡು ಬರುವುದೇ ಇಲ್ಲವಂತೆ, ನಿಜಾನಾ?

ಜೂನಿಯರ್ ವಕೀಲೆ, ಬೆಂಗಳೂರು

ತಮ್ಮಾ, ಸುಳ್ಳು ಹೇಳಲ್ಲ. ಶುರುವಿನಲ್ಲಿ ಬಸ್ ಚಾರ್ಜಿಗೂ ಮನೆಯಲ್ಲಿ ಕೇಳಬೇಕಾಗಿತ್ತು. ಜೂನಿಯರ್‌ಗಳಿಗೆ ನಗರದಲ್ಲಿ ತಿಂಗಳಿಗೆ 20,000, ಹಳ್ಳಿ ಕಡೆ 15,000 ರೂಪಾಯಿ ಕನಿಷ್ಠ ಕೊಡಿ ಅಂತ 2024ರ ಅಕ್ಟೋಬರಿನಲ್ಲಿ ಬಾರ್ ಕೌನ್ಸಿಲ್ ಆಫ್ ಇಂಡಿಯಾ ಸುತ್ತೋಲೆ ಹೊರಡಿಸಿತು. ಅದು ಶಿಫಾರಸು ಅಷ್ಟೇ, ಕಡ್ಡಾಯ ಅಲ್ಲ. ಅದೇ ವರ್ಷ ಸುಪ್ರೀಂ ಕೋರ್ಟ್ ಸನ್ನದಿನ ಶುಲ್ಕವನ್ನು ಕಾಯ್ದೆಯಲ್ಲಿರುವ 750 ರೂಪಾಯಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ 125ಕ್ಕೆ ಕಟ್ಟಿಹಾಕಿತು. ಅದಕ್ಕೂ ಮೊದಲು ಸಾವಿರಾರು ರೂಪಾಯಿ ಕೀಳುತ್ತಿದ್ದರು. ಬಡವರ ಮನೆ ಮಕ್ಕಳು ಬಾಗಿಲಲ್ಲೇ ನಿಂತುಬಿಡುತ್ತಿದ್ದರು.

ಕಲಿಕೆಯ ಬಗ್ಗೆ ಕೇಳಿದರೆ ಮನಸ್ಸು ತುಂಬಿ ಹೇಳುತ್ತೇನೆ. ನನ್ನ ಸೀನಿಯರ್ ಮೇಡಂ ಒಂದು ಸಾಕ್ಷಿಯ ಪಾಟೀಸವಾಲಿಗೆ ಪ್ರಶ್ನೆಗಳನ್ನು ಬರೆದುಕೊಂಡು, ಹಿಂದಿನ ರಾತ್ರಿ ಅರ್ಧಕ್ಕಿಂತ ಹೆಚ್ಚು ಹೊಡೆದುಹಾಕುತ್ತಾರೆ. "ಸಾಕ್ಷಿ ಬಿಟ್ಟಿರುವ ತೂತನ್ನು ನಾವೇ ಪ್ರಶ್ನೆ ಕೇಳಿ ಮುಚ್ಚಿಕೊಡಬಾರದು" ಅನ್ನುತ್ತಾರೆ. ಪ್ರತಿ ಪ್ರಶ್ನೆಗೂ ಕಡತದಲ್ಲಿ ಒಂದು ಕಾಗದ ಇರಬೇಕು. ಸಾಕ್ಷಿಯನ್ನು ಗದರಿಸುವುದಿಲ್ಲ, ಅವಮಾನ ಮಾಡುವುದಿಲ್ಲ. ಕೇಸಿಗೆ ಸಂಬಂಧವಿಲ್ಲದ ಮನೆ ವಿಷಯ ಕೆದಕುವುದಿಲ್ಲ. ನಮಗೆ ವಿರುದ್ಧವಾದ ತೀರ್ಪು ಇದ್ದರೆ ಅದನ್ನೂ ಕೋರ್ಟಿಗೆ ತೋರಿಸಿ, ನಮ್ಮ ಕೇಸು ಹೇಗೆ ಬೇರೆ ಅಂತ ವಾದ ಮಾಡುತ್ತಾರೆ. ಹಾಗಾಗಿ ಅವರು "ಇದಿಷ್ಟೇ ಸ್ವಾಮಿ ಇರುವುದು" ಅಂದರೆ ನ್ಯಾಯಾಧೀಶರು ನಂಬುತ್ತಾರೆ. ಆ ನಂಬಿಕೆ ಕಕ್ಷಿದಾರರಿಗೆ ಎಷ್ಟು ದೊಡ್ಡ ಆಸ್ತಿ ಅಂತ ಹೊರಗಿನವರಿಗೆ ತಿಳಿಯುವುದಿಲ್ಲ. ಇಂಥ ಆಫೀಸು ಸಿಕ್ಕಿದರೆ ಬಿಡಬೇಡ.

ಇನ್ನೊಂದು ವಿಷಯ. ಸಿವಿಲ್ ಜಡ್ಜ್ ಪರೀಕ್ಷೆ ಬರೆಯಲು ಈಗ 3 ವರ್ಷದ ಪ್ರಾಕ್ಟೀಸ್ ಬೇಕು ಅಂತ 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನ್ಯಾಯಾಧೀಶ ಆಗುವ ಆಸೆ ಇದ್ದರೂ ಮೊದಲು ಕೋರ್ಟಿಗೇ ಬರಬೇಕು.

ತಿಪಟೂರಿನ ಮಗಳು

ಎಲ್ಲರಿಗೂ ಸುದ್ದಿ ಹೇಳೋಣ ಅಂತ ಬಂದೆ. ನೋಂದಣಿ ಇಲಾಖೆಯ ಕಾವೇರಿ ಆನ್‌ಲೈನಿನಲ್ಲಿ ಇಸಿ ತೆಗೆಸಿದೆವು, ಪತ್ರದ ದೃಢೀಕೃತ ನಕಲೂ ಸಿಕ್ಕಿತು. 2011ರ ಹಕ್ಕು ಬಿಡುಗಡೆ ಪತ್ರ ನೋಂದಣಿಯಾಗಿದೆ. ಆದರೆ ಅದರಲ್ಲಿರುವುದು ಊರೊಳಗಿನ ಮನೆ ಮಾತ್ರ. ತೋಟ, ಹೊಲದ ಸರ್ವೆ ನಂಬರುಗಳು ಇಲ್ಲ! ಎರಡನೆಯ ವಕೀಲರು ಎರಡು ಸಲ ಓದಿ, "ಮನೆಯ ಆಸೆ ಬಿಡಿ. ಬಿಟ್ಟುಕೊಟ್ಟಿದ್ದೇವೆ ಅಂತ ವಾದಪತ್ರದಲ್ಲೇ ಬರೆದು, ತೋಟ ಹೊಲದಲ್ಲಿ ಪಾಲು ಕೇಳೋಣ. ಮೊದಲು ನೋಟಿಸ್ ಕೊಡೋಣ, ಮಾವಂದಿರು ಕೂತು ಮಾತಾಡಿದರೆ ಇನ್ನೂ ಒಳ್ಳೆಯದು" ಅಂದರು. ಫೀಸು ಇಷ್ಟು, ಖರ್ಚು ಇಷ್ಟು ಅಂತ ಹಾಳೆಯಲ್ಲಿ ಬರೆದುಕೊಟ್ಟರು. ವಕಾಲತ್ತಿಗೆ ಅಮ್ಮ ಸಹಿ ಹಾಕಿದರು, ಈ ಸಲ ಪೂರ್ತಿ ಓದಿಸಿಕೊಂಡು. ಅಣ್ಣನೂ ಒಪ್ಪಿದ.

ಹಾಸನದ ಸಿವಿಲ್ ವಕೀಲ

ಒಳ್ಳೆ ಕೈಗೆ ಸಿಕ್ಕಿದ್ದೀರಿ. ಮನೆಯ ವಿಷಯವನ್ನು ತಾವಾಗಿಯೇ ಹೇಳಿಕೊಂಡರೆ ಎದುರು ವಕೀಲರಿಗೆ ಹಿಡಿದುಕೊಳ್ಳಲು ಏನೂ ಉಳಿಯುವುದಿಲ್ಲ. ನೋಟಿಸ್ ಮುಟ್ಟಿದ ಮೇಲೆ ಆಗಾಗ ಇಸಿ ನೋಡುತ್ತಿರಿ. ಮಾವಂದಿರು ತೋಟ ಮಾರುವ ಸೂಚನೆ ಕಂಡರೆ ತಕ್ಷಣ ವಕೀಲರಿಗೆ ತಿಳಿಸಿ, ತಡೆಯಾಜ್ಞೆಗೆ ಅರ್ಜಿ ಹಾಕುತ್ತಾರೆ. ದಾವೆ ಹಾಕಿದ ಮೇಲೆ ರಾಜಿಯಾದರೂ ಚಿಂತೆಯಿಲ್ಲ. ಲೋಕ ಅದಾಲತ್ತಿನಲ್ಲಿ ಮುಗಿದರೆ ಕಟ್ಟಿದ ಕೋರ್ಟ್ ಫೀ ವಾಪಸ್ ಬರುತ್ತದೆ.

ಕಲಬುರಗಿಯವಳು

ನಮ್ಮ ತಾಯಿಯದ್ದೂ ಇಂಥದ್ದೇ ಕೇಸು ಅದ. ಅವರ ಹತ್ತಿರ ಫೀಸು ಕೊಡುವ ಶಕ್ತಿ ಇಲ್ಲ. ಏನು ಮಾಡಬೇಕ್ರಿ?

ಜೂನಿಯರ್ ವಕೀಲೆ, ಬೆಂಗಳೂರು

ಅಕ್ಕ, 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಮಹಿಳೆಯರಿಗೆ ಉಚಿತ ಕಾನೂನು ನೆರವು ಇದೆ, ಆದಾಯ ಎಷ್ಟೇ ಇರಲಿ. ನಿಮ್ಮ ತಾಲ್ಲೂಕು ಕೋರ್ಟಿನ ಆವರಣದಲ್ಲೇ ಕಾನೂನು ಸೇವಾ ಸಮಿತಿ ಇರುತ್ತದೆ. ಆಧಾರ್ ಮತ್ತು ಇರುವ ಕಾಗದಗಳನ್ನು ತೆಗೆದುಕೊಂಡು ಹೋಗಿ ಅರ್ಜಿ ಕೊಡಿ. ವಕೀಲರನ್ನು ಅವರೇ ಕೊಡುತ್ತಾರೆ, ಕೋರ್ಟ್ ಫೀಯನ್ನೂ ನೋಡಿಕೊಳ್ಳುತ್ತಾರೆ. ಹೋಗುವ ಮೊದಲು 15100ಕ್ಕೆ ಫೋನ್ ಮಾಡಿ ಕೇಳಬಹುದು. ಕೊಟ್ಟ ವಕೀಲರು ಸರಿಯಾಗಿ ನಡೆಸದಿದ್ದರೆ ಅದೇ ಸಮಿತಿಗೆ ಬರೆದುಕೊಟ್ಟು ಬದಲಾಯಿಸಿಕೊಳ್ಳಿ. ಪುಕ್ಕಟೆ ಕೇಸು ಅಂತ ಯಾರಾದರೂ ಅಸಡ್ಡೆ ಮಾಡಿದರೆ ಸಹಿಸಿಕೊಳ್ಳಬೇಡಿ.